ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಮನೆ ಕಂಪ್ಯೂಟರ್: ಯಾವ ಕಂಪನಿ, ಎಂಥ ವಾರಂಟಿ, ಮುಂದೆ ರ‍್ಯಾಮ್ ಹಾಕಲು ಬರುತ್ತಾ?

ಸೇಡಂ ರೋಡ್ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಮನೆಗೆ ಒಂದು ಕಂಪ್ಯೂಟರ್ ಬೇಕು. ಮಗಳು ಬಿಸಿಎ ಸೇರಿದ್ದಾಳೆ. ನಾನು ಮನೆಯಲ್ಲೇ ಕೂತು ಕೆಲವು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುತ್ತೇನೆ. ಈಗಿರುವ ಡೆಸ್ಕ್‌ಟಾಪ್‌ಗೆ ವಿಂಡೋಸ್ 11 ಹತ್ತುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಬೇರೆಯವರ ಲೆಕ್ಕ, ಪಾಸ್‌ವರ್ಡ್ ಎಲ್ಲಾ ಇರುವ ಮಷಿನ್ ಅದು. ಹಾಗೇ ಬಿಡಲು ಧೈರ್ಯ ಇಲ್ಲ.

ನಮ್ಮ ಊರಿನ ಸೂಪರ್ ಮಾರ್ಕೆಟ್ ಬಜಾರಿನ ಕಂಪ್ಯೂಟರ್ ಅಂಗಡಿಗಳನ್ನು ಸುತ್ತಿ ಬಂದೆ. ಎಲ್ಲರೂ "ಒಂದು ವರ್ಷ ವಾರಂಟಿ ಅದ ಅಕ್ಕಾ" ಎನ್ನುತ್ತಾರೆ. ಆ ವಾರಂಟಿಯಲ್ಲಿ ಏನೇನು ಬರುತ್ತದೆ, ಕೆಟ್ಟರೆ ಮನೆಗೆ ಬರುತ್ತಾರಾ, ನಾವೇ ಹೊತ್ತುಕೊಂಡು ಹೋಗಬೇಕಾ ಎಂದು ಕೇಳಿದರೆ ಮಾತು ತೇಲಿಸುತ್ತಾರೆ.

ತುಂಬಾ ಫಾಸ್ಟ್ ಮಷಿನ್ ಬೇಕು ಅಂತಿಲ್ಲ. ಐದಾರು ವರ್ಷ ಬಾಳಬೇಕು. ನಡುವೆ ರ‍್ಯಾಮ್, ಎಸ್‌ಎಸ್‌ಡಿ (ಫೈಲ್ ಇಡುವ ಡಿಸ್ಕ್) ಹಾಕಲು ಬರಬೇಕು. ಕೆಟ್ಟರೆ ನಮ್ಮ ಊರಲ್ಲೇ ಕೆಲಸ ಆಗಬೇಕು. ಡೆಲ್, ಎಚ್‌ಪಿ, ಲೆನೊವೊ, ಆಸುಸ್, ಏಸರ್ ಇವುಗಳಲ್ಲಿ ಯಾವುದು ಸರಿ? ಬೆಂಗಳೂರಿನವರ ಅನುಭವ ಬೇಡ, ಅಲ್ಲಿ ಸರ್ವಿಸ್ ಸೆಂಟರ್ ಬೇಕಾದಷ್ಟಿವೆ. ನಮ್ಮ ಕಡೆ ಬಳಸಿದವರು ಹೇಳಿ.

ಜಗತ್ ಸರ್ಕಲ್ (ಕಲಬುರಗಿ)

ಅಕ್ಕಾ, ಕಣ್ಣು ಮುಚ್ಚಿ ಡೆಲ್ ತಗೊಳ್ಳಿ. ನಮ್ಮ ಮನೆಯಲ್ಲಿ ಎರಡಿವೆ. ಒಂದು ಸಲ ಕೀಬೋರ್ಡ್ ಹೋಯಿತು, ಮನೆಗೇ ಬಂದು ಹಾಕಿಕೊಟ್ಟರು.

ಶಹಾಪುರ ಹುಡುಗ (ಯಾದಗಿರಿ ಜಿಲ್ಲೆ)

ನಾನು ಲೆನೊವೊ ಅಂತೀನಿ. ಅದರ ಥಿಂಕ್‌ಪ್ಯಾಡ್ ಸರಣಿ ಆದರೆ ಇನ್ನೂ ಒಳ್ಳೆಯದು. ಕೀಬೋರ್ಡ್ ಗಟ್ಟಿ, ಬಿಡಿಭಾಗ ಎಲ್ಲಾ ಕಡೆ ಸಿಗುತ್ತದೆ.

ಸ್ಕ್ರೂಡ್ರೈವರ್ (ಕಲಬುರಗಿ, ರಿಪೇರಿ ಅಂಗಡಿ)

ದಿನಾ ಈ ಮಷಿನ್‌ಗಳನ್ನು ಬಿಚ್ಚುವುದೇ ನನ್ನ ಕೆಲಸ. ಅಕ್ಕಾರೆ, ಒಂದು ಮಾತು ಹೇಳುತ್ತೇನೆ. ಕಂಪನಿ ಹೆಸರು ಹಿಡಿದು ಹುಡುಕಬೇಡಿ. ಮಾದರಿ ಹಿಡಿದು ಹುಡುಕಿ. ಒಂದೇ ಕಂಪನಿಯ ಎರಡು ಮಾದರಿ ಒಳಗಡೆ ಬೇರೆ ಬೇರೆ ಇರುತ್ತವೆ.

ಥಿಂಕ್‌ಪ್ಯಾಡ್ ವಿಷಯವೇ ತಗೊಳ್ಳಿ. 2018ರ ಟಿ480ರಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್ (ಕೂರಿಸಿ ತೆಗೆಯುವ ಜಾಗ) ಇವೆ. ಮರುವರ್ಷ ಬಂದ ಟಿ490ರಲ್ಲಿ ಒಂದು ರ‍್ಯಾಮ್ ಬೋರ್ಡಿಗೇ ಬೆಸುಗೆ, ಒಂದೇ ಸ್ಲಾಟ್. ಎಕ್ಸ್1 ಕಾರ್ಬನ್‌ನಲ್ಲಿ ಪೂರ್ತಿ ಬೆಸುಗೆ. ಮೂರಕ್ಕೂ ಥಿಂಕ್‌ಪ್ಯಾಡ್ ಎಂದೇ ಹೆಸರು. ಡೆಲ್ ಇನ್‌ಸ್ಪಿರಾನ್ 3520ರಲ್ಲಿ ಎರಡು ಸ್ಲಾಟ್. ಅದೇ ಡೆಲ್‌ನ ತೆಳ್ಳನೆಯ ಎಕ್ಸ್‌ಪಿಎಸ್ 13ರಲ್ಲಿ ಸ್ಲಾಟ್ ಇಲ್ಲವೇ ಇಲ್ಲ. ಆಸುಸ್ ವಿವೋಬುಕ್ 15ರಲ್ಲಿ ನಾನು ನೋಡಿದ್ದರಲ್ಲಿ ಜಾಸ್ತಿ 8 ಜಿಬಿ ಬೆಸುಗೆ, ಜೊತೆಗೆ ಒಂದು ಸ್ಲಾಟ್. ಲೆನೊವೊ ಐಡಿಯಾಪ್ಯಾಡ್ ಸ್ಲಿಮ್ 3ರಲ್ಲೂ ಹಾಗೇ ಇರುವ ಮಾದರಿಗಳು ತುಂಬಾ ಇವೆ. ಆಪಲ್‌ನಲ್ಲಿ 2020ರ ಎಂ1 ಚಿಪ್‌ನಿಂದ ಈಚೆಗೆ ರ‍್ಯಾಮ್ ಪ್ರೊಸೆಸರ್ ಜೊತೆಗೇ ಕೂತಿದೆ. ಅಂಗಡಿಯಲ್ಲಿ ಎಷ್ಟು ತಗೊಂಡಿರೋ ಕೊನೆತನಕ ಅಷ್ಟೇ.

ಬೆಸುಗೆ ರ‍್ಯಾಮ್ ಅಂದರೆ ಕೆಟ್ಟದ್ದು ಅಂತಲ್ಲ. ಕರೆಂಟ್ ಕಡಿಮೆ ತಿನ್ನುತ್ತದೆ, ಮಷಿನ್ ತೆಳ್ಳಗಾಗುತ್ತದೆ. ಆದರೆ ಆ ರ‍್ಯಾಮ್ ಹೋದರೆ ಕಂಪನಿಯವರು ಮದರ್‌ಬೋರ್ಡನ್ನೇ ಬದಲಿಸುತ್ತಾರೆ. ವಾರಂಟಿ ಮುಗಿದ ಮೇಲೆ ಹಾಗಾದರೆ ಅರ್ಧ ಲ್ಯಾಪ್‌ಟಾಪಿನ ದುಡ್ಡು ಹೋದಂತೆ.

ಅಂಗಡಿಯಲ್ಲಿ ನಿಂತೇ ಇದನ್ನು ನೋಡಬಹುದು. ಡೆಮೊ ಮಷಿನ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಒತ್ತಿ. 'ಫಾರ್ಮ್ ಫ್ಯಾಕ್ಟರ್' ಎಂಬಲ್ಲಿ 'ಎಸ್‌ಒಡಿಐಎಂಎಂ' ಅಂತಿದ್ದರೆ ಬಿಚ್ಚಿ ಬದಲಿಸುವ ರ‍್ಯಾಮ್. 'ರೋ ಆಫ್ ಚಿಪ್ಸ್' ಅಂತಿದ್ದರೆ ಬೆಸುಗೆ. ಎಷ್ಟು ಸ್ಲಾಟ್ ಅನ್ನುವುದೂ ಅಲ್ಲೇ ಕಾಣುತ್ತದೆ. ಆದರೆ ಬೆಸುಗೆಯದ್ದನ್ನೂ ಅದು ಸ್ಲಾಟ್ ಎಂದೇ ಎಣಿಸುವುದುಂಟು, ಅದಕ್ಕೇ ಆ ಸಂಖ್ಯೆಯೊಂದನ್ನೇ ನಂಬಬೇಡಿ.

ಮನೆಯಲ್ಲಿ ಪೂರ್ತಿ ಖಾತ್ರಿ ಮಾಡಿಕೊಳ್ಳಲು ಸರ್ವಿಸ್ ಮ್ಯಾನ್ಯುಯಲ್ ಓದಿ. ಡೆಲ್, ಎಚ್‌ಪಿ, ಲೆನೊವೊ ಮೂವರೂ ಯಾವ ಸ್ಕ್ರೂ ಎಲ್ಲಿ ಅನ್ನುವ ಮಟ್ಟದ ಪುಸ್ತಕವನ್ನು ತಮ್ಮ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಇಟ್ಟಿದ್ದಾರೆ. ನಮ್ಮಂಥ ರಿಪೇರಿಯವರಿಗೆ ಇದು ದೊಡ್ಡ ಉಪಕಾರ. ಏಸರ್, ಆಸುಸ್‌ನವರದ್ದು ಅಷ್ಟು ವಿವರವಾಗಿ ಸುಲಭಕ್ಕೆ ಸಿಗುವುದಿಲ್ಲ. ಅಪ್‌ಗ್ರೇಡ್ ವಿಚಾರದಲ್ಲಿ ಕಂಪನಿ ಕಂಪನಿಗೆ ನನಗೆ ಕಂಡ ದೊಡ್ಡ ವ್ಯತ್ಯಾಸ ಇದೇ.

ಜಗತ್ ಸರ್ಕಲ್

ಅಣ್ಣಾ, ಈಗ 8 ಜಿಬಿ ತಗೊಂಡು ಆಮೇಲೆ ಹಾಕಿಸಿದರೆ ಅಗ್ಗ ಅಲ್ವಾ?

ಸ್ಕ್ರೂಡ್ರೈವರ್

ಮುಂಚೆ ಹಾಗಿತ್ತು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿತು. ಎಐ ಸರ್ವರ್‌ಗಳಿಗೆ ಚಿಪ್ ಹೋಗುತ್ತಿವೆ, ಮನೆ ಕಂಪ್ಯೂಟರ್‌ಗೆ ಉಳಿಯುವುದು ಕಡಿಮೆ. ಆದ್ದರಿಂದ ಈಗ 16 ಜಿಬಿ ಇರುವ ಮಷಿನ್ ಒಳ್ಳೆಯ ಬೆಲೆಗೆ ಸಿಕ್ಕರೆ ಅದನ್ನೇ ತಗೊಳ್ಳಿ. ಸ್ಲಾಟ್ ಇರಲೇಬೇಕು, ಅದು ಮುಂದಿನ ದಾರಿ. ಹಳೆಯ ಪೀಳಿಗೆಯ ಡಿಡಿಆರ್4 ಸ್ಲಾಟಿನಲ್ಲಿ ಹೊಸ ಪೀಳಿಗೆಯ ಡಿಡಿಆರ್5 ಕೂರುವುದಿಲ್ಲ ಅನ್ನುವುದನ್ನೂ ನೆನಪಿಡಿ. ಹೊರಗಿನಿಂದ ರ‍್ಯಾಮ್ ತಂದುಕೊಡುವವರು ಇದನ್ನೇ ಕೇಳದೆ ತಂದುಬಿಡುತ್ತಾರೆ.

ಬೀದರ್ ಮಾಸ್ತರ್ (ಬೀದರ್)

ಸೇಡಂ ರೋಡ್ ಅಕ್ಕಾರೆ, ವಾರಂಟಿ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಮನೆಯ ಲ್ಯಾಪ್‌ಟಾಪಿನ ಸ್ಕ್ರೀನ್ ಮೇಲೆ ಗೆರೆ ಬಂದಿತ್ತು. ಕಂಪನಿ ಹೆಸರು ಇಲ್ಲಿ ಬೇಡ. ಬಾಕ್ಸ್ ಮೇಲೆ ಒಂದು ವರ್ಷ ವಾರಂಟಿ ಅಂತಿತ್ತು. ಫೋನ್ ಮಾಡಿದರೆ, "ನಿಮ್ಮದು ಕ್ಯಾರಿ ಇನ್, ಸೆಂಟರಿಗೆ ತನ್ನಿ" ಎಂದರು. ಅವರು ಹೇಳಿದ ಸೆಂಟರ್ ಹೈದರಾಬಾದಿನಲ್ಲಿ. ಬೀದರಿನಿಂದ ಸುಮಾರು 140 ಕಿಲೋಮೀಟರ್. ಕೊಡಲು ಒಂದು ಸಲ, ತರಲು ಒಂದು ಸಲ. ರಿಪೇರಿ ಪುಕ್ಕಟೆ ಆಯಿತು ನಿಜ. ಶಾಲೆಗೆ ರಜೆ ಹಾಕಿದ್ದು, ಬಸ್ಸಿನ ಖರ್ಚು ಯಾರು ಕೊಡುತ್ತಾರೆ?

ಆನ್‌ಸೈಟ್ ಅಂದರೆ ಎಂಜಿನಿಯರ್ ಮನೆಗೆ ಬರುತ್ತಾರೆ. ಕ್ಯಾರಿ ಇನ್ ಅಂದರೆ ನೀವೇ ಒಯ್ಯಬೇಕು. ಮೂರನೆಯದು, ಅವರೇ ಕೊರಿಯರ್ ಕಳಿಸಿ ತರಿಸಿಕೊಳ್ಳುವುದು. ಕಂಪನಿ ಒಂದೇ ಇದ್ದರೂ ಮಾದರಿಯಿಂದ ಮಾದರಿಗೆ ಇದು ಬದಲಾಗುತ್ತದೆ. ಆದ್ದರಿಂದ ದುಡ್ಡು ಕೊಡುವ ಮುಂಚೆ ಕಂಪನಿಯ ಕಸ್ಟಮರ್ ಕೇರ್‌ಗೆ ನೀವೇ ಫೋನ್ ಮಾಡಿ. ಮಾದರಿ ಸಂಖ್ಯೆ ಹೇಳಿ, ನಿಮ್ಮ ಪಿನ್‌ಕೋಡ್ ಹೇಳಿ. "ಈ ಪಿನ್‌ಕೋಡಿಗೆ ಎಂಜಿನಿಯರ್ ಬರುತ್ತಾರಾ" ಎಂದು ಕೇಳಿ. ಅಂಗಡಿಯವರ ಬಾಯಿಮಾತು ಇದಕ್ಕೆ ಸಾಲದು.

ಇನ್ನೊಂದು, 'ನೆಕ್ಸ್ಟ್ ಬಿಸಿನೆಸ್ ಡೇ' ಎಂಬ ಮಾತು. ಫೋನ್ ಮಾಡಿದ ಮರುದಿನ ಬರುತ್ತಾರೆ ಎಂದು ಜನ ತಿಳಿಯುತ್ತಾರೆ. ಮೊದಲು ಫೋನಿನಲ್ಲಿ ಅದು ಇದು ಒತ್ತಿಸಿ ಪರೀಕ್ಷೆ ಮಾಡಿಸುತ್ತಾರೆ. ದೋಷ ಗೊತ್ತಾದ ಮೇಲೆ ಲೆಕ್ಕ ಶುರು. ಬಿಡಿಭಾಗ ಬರಬೇಕು. ದೂರದ ಊರುಗಳಿಗೆ ಹೆಚ್ಚು ದಿನ ಹಿಡಿಯಬಹುದು ಎಂದು ನಿಯಮದಲ್ಲೇ ಬರೆದಿರುತ್ತಾರೆ. ಔರಾದ, ಸುರಪುರ, ಅಫಜಲಪುರದ ಹಳ್ಳಿಗಳವರು ಇದನ್ನು ಓದಿಯೇ ಮುಂದುವರಿಯಬೇಕು.

ಶಹಾಪುರ ಹುಡುಗ

ಮಾಸ್ತರ್ ಹೇಳಿದ್ದು ಸರಿ. ಭಾಷೆಯ ಮಾತೂ ಇದೆ. ನಮ್ಮಪ್ಪ ಫೋನ್ ಹಚ್ಚಿದರೆ ಆ ಕಡೆಯವರು ಇಂಗ್ಲಿಷ್, ಇಲ್ಲ ಅಂದರೆ ಪುಸ್ತಕದ ಹಿಂದಿ. ಏನು ಕೆಟ್ಟಿದೆ ಎಂದು ಆ ಭಾಷೆಯಲ್ಲಿ ಹೇಳಲು ಅಪ್ಪನಿಗೆ ಬರಲಿಲ್ಲ. ಫೋನ್ ಇಟ್ಟುಬಿಟ್ಟರು. ಕನ್ನಡದಲ್ಲಿ ಮಾತಾಡುವವರು ಸಿಗುವ ಕಂಪನಿಗೆ ನಾನಂತೂ ಹತ್ತು ಅಂಕ ಜಾಸ್ತಿ ಕೊಡುತ್ತೇನೆ. ಹಳ್ಳಿಯ ಹಿರಿಯರು ದುಡ್ಡು ಕೊಟ್ಟೇ ತಗೊಳ್ಳುತ್ತಾರೆ, ಕೇಳುವ ಹಕ್ಕು ಅವರಿಗೂ ಇದೆ.

ಸೇಡಂ ರೋಡ್

ಬಹಳ ಉಪಯೋಗವಾಯಿತು. ಇನ್ನೆರಡು ಕೇಳುತ್ತೇನೆ. ನಾವೇ ರ‍್ಯಾಮ್ ಹಾಕಿಸಿದರೆ ವಾರಂಟಿ ಹೋಗುತ್ತದೆ ಎಂದು ಒಬ್ಬರು ಹೆದರಿಸಿದರು, ನಿಜವಾ? ಮತ್ತೆ ಮೂರು ವರ್ಷಕ್ಕೆ ವಾರಂಟಿ ಏರಿಸಿದರೆ ಬ್ಯಾಟರಿಗೂ ಮೂರು ವರ್ಷ ಬರುತ್ತದಾ?

ಸ್ಕ್ರೂಡ್ರೈವರ್

ರ‍್ಯಾಮ್, ಎಸ್‌ಎಸ್‌ಡಿ ಬದಲಿಸುವುದನ್ನು ಕಂಪನಿಗಳೇ ತಮ್ಮ ಪುಸ್ತಕದಲ್ಲಿ ಹೇಳಿಕೊಟ್ಟಿರುವ ಮಾದರಿಗಳಲ್ಲಿ ಬರೀ ಬಿಚ್ಚಿದ್ದಕ್ಕೆ ವಾರಂಟಿ ಹೋಗುವುದಿಲ್ಲ. ಬಿಚ್ಚುವಾಗ ಏನಾದರೂ ಮುರಿದರೆ, ಆ ಮುರಿದದ್ದಕ್ಕೆ ಅವರು ಜವಾಬ್ದಾರಿ ಅಲ್ಲ. ಹೊಸದಾಗಿ ಹಾಕಿದ ರ‍್ಯಾಮ್‌ಗೆ ಆ ರ‍್ಯಾಮ್ ಕಂಪನಿಯದೇ ವಾರಂಟಿ. ಎಂಜಿನಿಯರ್ ಬರುವ ಮುಂಚೆ ಹಳೆಯ ರ‍್ಯಾಮ್ ವಾಪಸ್ ಹಾಕಿಟ್ಟರೆ ವಾದವೇ ಇರುವುದಿಲ್ಲ. ಅದಕ್ಕೇ ಹಳೆಯದನ್ನು ಮಾರಬೇಡಿ ಎಂದು ಗಿರಾಕಿಗಳಿಗೆ ಹೇಳುತ್ತೇನೆ. ಸ್ಟಿಕ್ಕರ್ ಹಚ್ಚಿ ಸೀಲ್ ಮಾಡಿದ ಮಾದರಿ ಇದ್ದರೆ ಮಾತ್ರ ಕಂಪನಿಗೆ ಮೊದಲೇ ಮೇಲ್ ಹಾಕಿ, ಬರಹದಲ್ಲಿ ಉತ್ತರ ತಗೊಳ್ಳಿ.

ಬ್ಯಾಟರಿ ಬೇರೆ. ಸಾಮಾನ್ಯವಾಗಿ ಅದಕ್ಕೆ ಒಂದೇ ವರ್ಷ. ಮಷಿನ್‌ಗೆ ಮೂರು ವರ್ಷ ಕೊಂಡರೂ ಬ್ಯಾಟರಿಗೆ ಅದು ತಾನಾಗಿ ಸೇರುವುದಿಲ್ಲ, ಬೇರೆ ಪ್ಲ್ಯಾನ್ ತಗೋಬೇಕು. ನಮ್ಮ ಊರಲ್ಲಿ ಇದು ಸಣ್ಣ ವಿಷಯ ಅಲ್ಲ. ಬಹುತೇಕ ಲ್ಯಾಪ್‌ಟಾಪ್‌ಗಳ ಕೈಪಿಡಿಯಲ್ಲಿ ಬಳಸುವ ಜಾಗದ ಉಷ್ಣತೆ 35 ಡಿಗ್ರಿ ಮೀರಬಾರದು ಎಂದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ 42 ಡಿಗ್ರಿ ದಾಟುತ್ತದೆ. ಕೂಲರ್ ಇಲ್ಲದ ಕೋಣೆಯಲ್ಲಿ ಮಧ್ಯಾಹ್ನ ಹಾಸಿಗೆ ಮೇಲಿಟ್ಟು ಚಾರ್ಜ್ ಹಾಕಿದರೆ ಬ್ಯಾಟರಿ ಊದುತ್ತದೆ. ಬೇಸಿಗೆ ಮುಗಿಯುವಷ್ಟರಲ್ಲಿ ಟಚ್‌ಪ್ಯಾಡ್ ಮೇಲೆದ್ದ ಲ್ಯಾಪ್‌ಟಾಪ್‌ಗಳು ನನ್ನ ಟೇಬಲ್ ಮೇಲೆ ಸಾಲು ಹಿಡಿಯುತ್ತವೆ. ಟಚ್‌ಪ್ಯಾಡ್ ಎದ್ದಿದ್ದು ಕಂಡರೆ ಕೂಡಲೇ ಚಾರ್ಜರ್ ತೆಗೆಯಿರಿ, ಒತ್ತಿ ಕೂರಿಸಲು ಹೋಗಬೇಡಿ. ಬೆಂಕಿ ಹತ್ತುವ ಅಪಾಯ ಇದೆ.

ಯಾವಾಗಲೂ ಚಾರ್ಜರ್ ಹಚ್ಚಿಯೇ ಬಳಸುವವರು ಚಾರ್ಜ್ 80 ಪರ್ಸೆಂಟ್‌ಗೆ ನಿಲ್ಲುವಂತೆ ಸೆಟ್ ಮಾಡಿ. ಲೆನೊವೊದಲ್ಲಿ ವಾಂಟೇಜ್, ಆಸುಸ್‌ನಲ್ಲಿ ಮೈಆಸುಸ್ ಆ್ಯಪ್‌ನಲ್ಲಿದೆ. ಡೆಲ್, ಎಚ್‌ಪಿಯಲ್ಲಿ ಜಾಸ್ತಿ ಮಾದರಿಗಳಿಗೆ ಬಯೋಸ್‌ನಲ್ಲೇ (ವಿಂಡೋಸ್‌ಗೂ ಮುಂಚೆ ತೆರೆಯುವ ಮಷಿನ್ ಸೆಟ್ಟಿಂಗ್) ಸಿಗುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಧೂಳಿನ ಮಾತು ಬಿಟ್ಟಿದ್ದೆ. ಸೇಡಂ, ವಾಡಿ, ಶಹಾಬಾದ್ ಕಡೆ ಸಿಮೆಂಟ್, ಕಲ್ಲಿನ ಧೂಳು. ಊರೊಳಗೆ ದಾಲ್‌ಮಿಲ್ ಅಕ್ಕಪಕ್ಕ ಇರುವವರಿಗೆ ಬೇಳೆಯ ಹೊಟ್ಟು. ಫ್ಯಾನ್ ಕಟ್ಟಿಕೊಂಡು ಮಷಿನ್ ಬಿಸಿಯಾದರೆ ಅದನ್ನು ವಾರಂಟಿಯಲ್ಲಿ ಸೇರಿಸಲು ಕಂಪನಿಗಳು ಒಪ್ಪುವುದು ಕಷ್ಟ. ಬೇಸಿಗೆಗೆ ಮುಂಚೆ ಒಂದು ಸಲ ಬಿಚ್ಚಿ ಧೂಳು ತೆಗೆಸಿ. ಸುಲಭಕ್ಕೆ ತಳ ಬಿಚ್ಚುವ ಮಾದರಿ ತಗೊಳ್ಳಿ ಎಂದು ನಾನು ಹಟ ಹಿಡಿಯುವುದು ಇದಕ್ಕೂ ಸೇರಿ.

ಅಸೆಂಬಲ್ಡ್ ಅಭಿಮಾನಿ (ಬೀದರ್)

ಯಾರೂ ಡೆಸ್ಕ್‌ಟಾಪ್ ಮಾತೇ ಎತ್ತಲಿಲ್ಲವಲ್ಲ! ಅಕ್ಕನ ಲೆಕ್ಕದ ಕೆಲಸ ಮನೆಯಲ್ಲೇ ಆಗುವುದಾದರೆ ಬಿಡಿಭಾಗ ಕೊಂಡು ಜೋಡಿಸಿದ ಅಸೆಂಬಲ್ಡ್ ಡೆಸ್ಕ್‌ಟಾಪ್ ಯಾಕೆ ಬೇಡ? ಬಾಕ್ಸ್ ಸಮೇತ ಬರುವ ಇಂಟೆಲ್, ಎಎಂಡಿ ಪ್ರೊಸೆಸರ್‌ಗೆ ಮೂರು ವರ್ಷ ವಾರಂಟಿ. ಒಳ್ಳೆಯ ಎಸ್‌ಎಸ್‌ಡಿಗೆ ಐದು ವರ್ಷದ್ದು ಸಿಗುತ್ತದೆ. ಕಿಂಗ್‌ಸ್ಟನ್, ಕೋರ್ಸೇರ್ ರ‍್ಯಾಮ್‌ಗೆ ಲೈಫ್‌ಟೈಮ್ ಅಂತ ಕೊಡುತ್ತಾರೆ. ಬ್ರ್ಯಾಂಡೆಡ್ ಲ್ಯಾಪ್‌ಟಾಪಿನ ಒಂದು ವರ್ಷ ಇದರ ಮುಂದೆ ಎಲ್ಲಿ?

ಅಪ್‌ಗ್ರೇಡ್ ಅಂತೂ ಕೇಳಲೇಬೇಡಿ. ಎಎಂಡಿಯ ಎಎಂ4 ಎಂಬ ಪ್ರೊಸೆಸರ್ ಸಾಕೆಟ್ ಇರುವ ಬೋರ್ಡ್‌ಗಳಿಗೆ ವರ್ಷಗಟ್ಟಲೆ ಹೊಸ ಪ್ರೊಸೆಸರ್ ಬರುತ್ತಲೇ ಇದ್ದವು. 2022ರಲ್ಲಿ ಎಎಂ5 ಬಂತು, ಅದನ್ನೂ 2027ರವರೆಗೆ ನಡೆಸುತ್ತೇವೆ ಎಂದಿದ್ದಾರೆ. ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ಮಾತ್ರ ನೋಡಿಕೊಂಡು ತಗೊಳ್ಳಿ. ಡೆಲ್, ಎಚ್‌ಪಿಯ ಸಣ್ಣ ಡಬ್ಬಿಗಳಲ್ಲಿ ಪವರ್ ಸಪ್ಲೈ ಕನೆಕ್ಟರ್, ಬೋರ್ಡಿನ ಅಳತೆ ಎಲ್ಲಾ ಅವರದೇ. ಬಜಾರಿನ ಸಾಮಾನ್ಯ ಪವರ್ ಸಪ್ಲೈ (ಎಸ್‌ಎಂಪಿಎಸ್) ಕೂರುವುದಿಲ್ಲ.

ಬೀದರ್ ಮಾಸ್ತರ್

ತಮ್ಮಾ, ವಾರಂಟಿ ಉದ್ದ ಇದೆ, ನಿಜ. ಆದರೆ ಅದು ಒಂದೊಂದು ಭಾಗಕ್ಕೆ ಒಂದೊಂದು. ಮಷಿನ್ ಆನ್ ಆಗದಿದ್ದರೆ ಯಾವ ಭಾಗ ಹೋಗಿದೆ ಎಂದು ಮೊದಲು ನಾವೇ ಕಂಡುಹಿಡಿಯಬೇಕು. ಆಮೇಲೆ ಆ ಭಾಗವನ್ನು ಅದರ ಸೆಂಟರ್‌ಗೆ ಕಳಿಸಬೇಕು. ನಿನಗೆ ಬರುತ್ತದೆ, ಮಾಡುತ್ತೀ. ಎಲ್ಲರಿಗೂ ಆಗುವ ಮಾತಲ್ಲ.

ಅಸೆಂಬಲ್ಡ್ ಅಭಿಮಾನಿ

ಒಪ್ಪುತ್ತೇನೆ ಸರ್. ಜೋಡಿಸಿಕೊಟ್ಟ ಅಂಗಡಿಯವರೇ ಆ ಓಡಾಟ ಮಾಡುತ್ತಾರೆ ಅಂದರೆ ಮಾತ್ರ ತಗೊಳ್ಳಬೇಕು. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ನಲ್ಲಿ ಒಂದಿಷ್ಟು ಕಡಿಮೆಗೆ ಸಿಗುತ್ತದೆ ಎಂದು ಅಲ್ಲಿಂದ ತಂದವರು, ಕೆಟ್ಟಾಗ ಮತ್ತೆ ಅಲ್ಲಿಗೇ ಓಡಬೇಕು. ಉಳಿದ ದುಡ್ಡು ದಾರಿಯಲ್ಲೇ ಹೋಗುತ್ತದೆ. ಬಿಲ್‌ನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಬಿಲ್ ಇಲ್ಲದೆ 18 ಪರ್ಸೆಂಟ್ ಜಿಎಸ್‌ಟಿ ಉಳಿಸಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ. ಬಿಲ್ ಹೋದರೆ ವಾರಂಟಿಯೂ ಹೋದಂತೆ.

ಕಡಗಂಚಿ ಹಾಸ್ಟೆಲ್ (ಆಳಂದ ತಾಲೂಕು)

ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೇನೆ. ಅಕ್ಕನ ಮಗಳಿಗೆ ಇದು ಬೇಕೇ ಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ರೂಮಿನ ಗೆಳೆಯನ ಲ್ಯಾಪ್‌ಟಾಪ್ ಮದರ್‌ಬೋರ್ಡ್ ವಾರಂಟಿಯಲ್ಲೇ ಬದಲಾಯಿತು. ಆನ್ ಮಾಡಿದರೆ ನೀಲಿ ಪರದೆ, 48 ಅಂಕಿಯ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಕೀ ಹಾಕು ಎಂದು ಬಂತು. ವಿಂಡೋಸ್ 11 ಇರುವ ಹೊಸ ಮಷಿನ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದರೆ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗುತ್ತದೆ. ಬೀಗದ ಕೈ ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್‌ನಲ್ಲಿ ಇರುತ್ತದೆ. ಬೋರ್ಡ್ ಹೋದರೆ ಅದೂ ಹೋಯಿತು. ಕೀಯ ಒಂದು ನಕಲು ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೇವ್ ಆಗಿರುತ್ತದೆ. ಆದರೆ ಅವನ ಲ್ಯಾಪ್‌ಟಾಪ್‌ಗೆ ಅಂಗಡಿಯವರೇ ಯಾವುದೋ ಇಮೇಲ್ ಹಾಕಿ ಕೊಟ್ಟಿದ್ದರು. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಪ್ರಾಜೆಕ್ಟ್ ಪೂರ್ತಿ ಹೋಯಿತು.

ದಯವಿಟ್ಟು ಮೊದಲ ದಿನವೇ ನಿಮ್ಮದೇ ಇಮೇಲ್‌ನಿಂದ ಸೆಟಪ್ ಮಾಡಿ. ಆ ಕೀ ತೆಗೆದು ಕಾಗದದ ಮೇಲೆ ಬರೆದು ಬಿಲ್ ಜೊತೆ ಇಡಿ. ವಾರಂಟಿ ಮಷಿನ್‌ಗೆ ಮಾತ್ರ. ಒಳಗಿನ ಫೈಲ್‌ಗಳಿಗೆ ಯಾವ ಕಂಪನಿಯೂ ವಾರಂಟಿ ಕೊಡುವುದಿಲ್ಲ. ಅಕ್ಕನ ಜಿಎಸ್‌ಟಿ ಲೆಕ್ಕ ಬೇರೆ ಇದೆ, ಒಂದು ಹೊರಗಿನ ಡ್ರೈವ್‌ನಲ್ಲಿ ನಕಲು ಇರಲೇಬೇಕು.

ಸೇಡಂ ರೋಡ್

ತಮ್ಮಾ, ಇದನ್ನು ಯಾವ ಅಂಗಡಿಯವರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್. ನನ್ನ ಹಳೆಯ ಮಷಿನ್‌ನ ಲೆಕ್ಕಗಳನ್ನೂ ಇವತ್ತೇ ಹೊರಗಿನ ಡ್ರೈವ್‌ಗೆ ಹಾಕುತ್ತೇನೆ.

ಕೋರ್ಟ್ ರೋಡ್ (ಕಲಬುರಗಿ, ವಕೀಲರು)

ಕಂಪನಿ ಮಾತು ಕೇಳದಿದ್ದರೆ ಏನು ಮಾಡಬೇಕು ಅನ್ನುವುದನ್ನೂ ಬರೆದಿಡುತ್ತೇನೆ.

ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಶಹಾಪುರದ ತಮ್ಮಾ, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಎಷ್ಟೋ ದೂರುಗಳು ಆ ಹಂತದಲ್ಲೇ ಮುಗಿಯುತ್ತವೆ, ಏಕೆಂದರೆ ದೂರು ನೇರ ಕಂಪನಿಗೆ ಹೋಗುತ್ತದೆ.

ಆಗಲಿಲ್ಲ ಅಂದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಅದರಲ್ಲಿ ನಮ್ಮಂಥ ಊರಿನವರಿಗೆ ದೊಡ್ಡ ಅನುಕೂಲ ಒಂದಿದೆ. ಕಂಪನಿ ಎಲ್ಲೇ ಇರಲಿ, ವಸ್ತು ಎಲ್ಲಿಂದಲೇ ತಂದಿರಲಿ, ನೀವು ವಾಸ ಮಾಡುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ತರಿಸಿದ್ದಕ್ಕೂ ಇದೇ. ನೀವು ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ದೂರು ಹಾಕಬೇಕು. ವಕೀಲರನ್ನು ಇಟ್ಟುಕೊಳ್ಳಲೇಬೇಕು ಅಂತಿಲ್ಲ, ನೀವೇ ವಾದಿಸಬಹುದು. ಇದನ್ನು ವಕೀಲನಾದ ನಾನೇ ಹೇಳುತ್ತಿದ್ದೇನೆ, ನಂಬಿ.

ಗೆಲ್ಲುವುದು ಕಾಗದದಿಂದ. ಬಿಲ್, ವಾರಂಟಿ ಕಾರ್ಡ್, ದೂರಿನ ನಂಬರ್, ಎಂಜಿನಿಯರ್ ಬಂದಾಗ ಕೊಡುವ ಚೀಟಿ ಎಲ್ಲಾ ಇಟ್ಟುಕೊಳ್ಳಿ. ಫೋನಿನಲ್ಲಿ ಏನು ಹೇಳಿದರೂ ಅದೇ ದಿನ ಒಂದು ಇಮೇಲ್ ಹಾಕಿ, "ನೀವು ಹೀಗೆ ಹೇಳಿದಿರಿ" ಎಂದು ಬರೆಯಿರಿ.

ಬೀದರ್ ಮಾಸ್ತರ್

ವಕೀಲ್ ಸಾಬರೆ, ಇದನ್ನು ಪ್ರಿಂಟ್ ತೆಗೆದು ಶಾಲೆಯಲ್ಲಿ ಹಚ್ಚುತ್ತೇನೆ.

ಅಕ್ಕಾರೆ, ಇನ್ನೊಂದು ಸೇರಿಸುತ್ತೇನೆ. ಕೊಂಡ ದಿನವೇ ಕಂಪನಿ ವೆಬ್‌ಸೈಟ್‌ನಲ್ಲಿ ಸೀರಿಯಲ್ ನಂಬರ್ ಹಾಕಿ ವಾರಂಟಿ ಯಾವ ತಾರೀಖಿನಿಂದ ಶುರುವಾಗಿದೆ ನೋಡಿ. ಫ್ಯಾಕ್ಟರಿಯಿಂದ ಹೊರಟ ದಿನದಿಂದ ಎಣಿಸಿರುವುದುಂಟು. ಅಂಗಡಿಯಲ್ಲಿ ಬಹಳ ದಿನ ಕೂತ ಪೀಸ್ ಆದರೆ ಆ ತಿಂಗಳುಗಳು ನಿಮ್ಮ ಲೆಕ್ಕದಿಂದ ಹೋಗುತ್ತವೆ. ಬಿಲ್ ಅಪ್‌ಲೋಡ್ ಮಾಡಿ ಸರಿ ಮಾಡಿಸಬಹುದು. ವಾರಂಟಿ ಏರಿಸುವುದಿದ್ದರೆ ಮೊದಲನೆಯದು ಮುಗಿಯುವ ಮುಂಚೆಯೇ ಏರಿಸಬೇಕು. ಅದೂ ಕಂಪನಿಯದೇ ಪ್ಲ್ಯಾನ್ ತಗೊಳ್ಳಿ. ಅಂಗಡಿಯವರು ಮಾರುವ ಪ್ಲ್ಯಾನ್ ಬೇರೆ ಯಾರದ್ದೋ ಇರುತ್ತದೆ.

ಯಾದಗಿರಿ ಸ್ಟೇಷನ್ ರೋಡ್ (ಯಾದಗಿರಿ)

ಬಜೆಟ್ ಕಡಿಮೆ ಇರುವವರಿಗೆ ಸೆಕೆಂಡ್ ಹ್ಯಾಂಡ್ ಬಗ್ಗೆಯೂ ಒಂದು ಮಾತು. ನಾನು ಮೇಲೆ ಹೇಳಿದ ಥಿಂಕ್‌ಪ್ಯಾಡ್ ಟಿ480 ಬಳಸುತ್ತೇನೆ. ಅದರಲ್ಲಿ ಎಂಟನೇ ಜನರೇಷನ್ ಇಂಟೆಲ್ ಇರುವುದರಿಂದ ವಿಂಡೋಸ್ 11 ನಡೆಯುತ್ತದೆ. ಅದಕ್ಕಿಂತ ಹಳೆಯದು ಯಾರೇ ಕೊಟ್ಟರೂ ಬೇಡ. ಟಿ480ರಲ್ಲಿ ಒಳಗೊಂದು, ಹೊರಗೊಂದು ಎರಡು ಬ್ಯಾಟರಿ ಇವೆ. ಹೊರಗಿನದನ್ನು ಮಷಿನ್ ಬಂದ್ ಮಾಡದೆ ಬದಲಿಸಬಹುದು. ಕರೆಂಟ್ ಹೋಗಿ ಬಂದು ಮಾಡುವ ನಮ್ಮ ಕಡೆ ಇದರ ಬೆಲೆ ಗೊತ್ತಾಗುತ್ತದೆ. ಸೆಕೆಂಡ್ ಹ್ಯಾಂಡ್ ಮಷಿನ್‌ಗೆ ಕಂಪನಿ ವಾರಂಟಿ ಮುಗಿದಿರುತ್ತದೆ ಎಂದು ತಿಳಿದೇ ತಗೊಳ್ಳಿ. ಬಯೋಸ್ ಪಾಸ್‌ವರ್ಡ್ ಹಾಕಿದೆಯಾ ಎಂದು ಮೊದಲು ನೋಡಿ.

ಸ್ಕ್ರೂಡ್ರೈವರ್

ಚಾರ್ಜರ್ ವಿಷಯವೂ ನೋಡಿ. ಡೆಲ್‌ನ ದುಂಡು ಚಾರ್ಜರ್ ನಡುವೆ ಸಣ್ಣ ಪಿನ್ ಇರುತ್ತದೆ. ಇದು ಎಷ್ಟು ವ್ಯಾಟಿನ ಚಾರ್ಜರ್ ಎಂದು ಮಷಿನ್‌ಗೆ ತಿಳಿಸುವುದು ಅದೇ. ಅಗ್ಗದ ನಕಲಿ ಹಾಕಿ ಆ ಗುರುತು ಸಿಗದಿದ್ದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಮಷಿನ್ ಕೂಡ ನಿಧಾನ ಆಗುತ್ತದೆ. ಜನ ಬೋರ್ಡ್ ಹೋಯಿತು ಎಂದು ತರುತ್ತಾರೆ. ಚಾರ್ಜರ್ ಬದಲಿಸಿದರೆ ಸಾಕಾಗಿರುತ್ತದೆ.

ಸೇಡಂ ರೋಡ್

ಎಲ್ಲರೂ ಹೇಳಿದ ಮೇಲೆ ಮತ್ತೆ ಅಂಗಡಿಗೆ ಹೋಗಿದ್ದೆ. ಮಗಳೇ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದಳು. ನನಗೆ ಇಷ್ಟವಾಗಿದ್ದ ತೆಳ್ಳನೆಯ ಮಾದರಿಯಲ್ಲಿ 'ರೋ ಆಫ್ ಚಿಪ್ಸ್' ಅಂತಿತ್ತು. ಅದನ್ನು ಬಿಟ್ಟೆ. ಪಕ್ಕದ್ದು ಸ್ವಲ್ಪ ದಪ್ಪ, 16 ಜಿಬಿ, ಎರಡು ಸ್ಲಾಟ್. ಮ್ಯಾನ್ಯುಯಲ್ ಇಳಿಸಿಕೊಂಡು ಅದನ್ನೂ ನೋಡಿದೆವು. ಕಸ್ಟಮರ್ ಕೇರ್‌ಗೆ ಅಂಗಡಿಯಿಂದಲೇ ಫೋನ್ ಹಚ್ಚಿ ಪಿನ್‌ಕೋಡ್ ಹೇಳಿದೆ. ಆನ್‌ಸೈಟ್ ಇದೆ ಎಂದರು. ಮೇಲ್‌ನಲ್ಲಿ ಬರೆದು ಕಳಿಸಿ ಎಂದೆ, ಕಳಿಸಿದರು. ಮೂರು ವರ್ಷದ ಪ್ಲ್ಯಾನ್ ಸೇರಿಸಿ ತಗೊಳ್ಳುತ್ತಿದ್ದೇನೆ. ಬ್ಯಾಟರಿಗೆ ಒಂದೇ ವರ್ಷ ಎಂದು ಅವರೇ ಒಪ್ಪಿಕೊಂಡರು.

ಇದಕ್ಕೆ ಯುಪಿಎಸ್ ಬೇಕಾ? ಹಳೆಯ ಡೆಸ್ಕ್‌ಟಾಪಿನದು ಒಂದು ಬಿದ್ದಿದೆ, 600 ವಿಎ.

ಸ್ಕ್ರೂಡ್ರೈವರ್

ಲ್ಯಾಪ್‌ಟಾಪ್‌ಗೆ ಬೇಡ ಅಕ್ಕಾರೆ, ಅದರಲ್ಲೇ ಬ್ಯಾಟರಿ ಇದೆ. ಅರ್ಥಿಂಗ್ ಸರಿ ಇರುವ ಮೂರು ಪಿನ್ ಸಾಕೆಟ್‌ಗೆ ಹಚ್ಚಿ, ಗುಡುಗು ಸಿಡಿಲು ಇದ್ದಾಗ ಚಾರ್ಜರ್ ಕಿತ್ತಿಡಿ. ಆ ಯುಪಿಎಸ್‌ನಲ್ಲಿ ವೈಫೈ ರೂಟರ್ ಓಡಿಸಿ, ಕರೆಂಟ್ ಹೋದರೂ ನೆಟ್ ಇರುತ್ತದೆ. ಬ್ಯಾಟರಿ ಮಾತ್ರ ಹೊಸದು ಹಾಕಿಸಬೇಕು, 12 ವೋಲ್ಟ್ 7 ಎಎಚ್‌ನದು. ಬಿಸಿಲು ಬೀಳದ ಮೂಲೆಯಲ್ಲಿಡಿ. 25 ಡಿಗ್ರಿ ಮೇಲೆ ಪ್ರತಿ 10 ಡಿಗ್ರಿಗೆ ಈ ಥರದ ಬ್ಯಾಟರಿಯ ಆಯಸ್ಸು ಅರ್ಧ ಆಗುತ್ತದೆ.

ಸೇಡಂ ರೋಡ್

ಸರಿ ಅಣ್ಣಾ. ಸೋಮವಾರ ಬ್ಯಾಟರಿ ಹಾಕಿಸಲು ಯುಪಿಎಸ್ ತರುತ್ತೇನೆ. ಹಳೆಯ ಡೆಸ್ಕ್‌ಟಾಪನ್ನೂ ತಂದರೆ ಅದರ ಹಾರ್ಡ್‌ಡಿಸ್ಕ್ ತೆಗೆದುಕೊಡಿ, ಮಾರುವ ಮುಂಚೆ ಅದನ್ನು ನಾನೇ ಇಟ್ಟುಕೊಳ್ಳುತ್ತೇನೆ.